ಸಂದಿಯಲ್ಲಿ ಸಾಗುವ ಬೈಕಿಗೂ ಒಂದು ನಿಯಮ ಬೇಕು

ಬೆಳಗಿನ ಹೊತ್ತು ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್ ಕೆಂಪಾಯಿತೆಂದರೆ ಬಸ್ಸು, ಲಾರಿ, ಕಾರುಗಳಷ್ಟೇ ನಿಲ್ಲುತ್ತವೆ. ಬೈಕು, ಸ್ಕೂಟರುಗಳು ನಿಲ್ಲುವುದಿಲ್ಲ. ಎರಡು ಕಾರುಗಳ ನಡುವೆ, ಬಸ್ಸಿಗೂ ಡಿವೈಡರಿಗೂ ನಡುವೆ, ಲಾರಿಗೂ ಚರಂಡಿಗೂ ನಡುವೆ ಎಲ್ಲೆಲ್ಲಿ ಹ್ಯಾಂಡಲ್ ತೂರುತ್ತದೋ ಅಲ್ಲೆಲ್ಲ ಅವು ಮುಂದಕ್ಕೆ ಸರಿಯುತ್ತಲೇ ಇರುತ್ತವೆ. ಪೀಣ್ಯದ ಕಾರ್ಖಾನೆಗೆ ಪಾಳಿ ಹಿಡಿಯಲು ಹೊರಟವರು, ಮಗಳನ್ನು ಕಾಲೇಜಿಗೆ ಬಿಡಲು ಬಂದ ತಂದೆ, ಬೆನ್ನಿಗೆ ಚೌಕದ ಚೀಲ ಹೊತ್ತ ಡೆಲಿವರಿ ಹುಡುಗ, ಕಾಲಿಡುವ ಜಾಗದಲ್ಲಿ ತರಕಾರಿ ಚೀಲ ಇಟ್ಟುಕೊಂಡ ಗೃಹಿಣಿ ಎಲ್ಲರೂ ಮಾಡುವುದು ಇದನ್ನೇ. ಹೀಗೆ ಹೋಗಬೇಕು ಎಂದು ಅವರಿಗೆ ಯಾರೂ ಕಲಿಸಿಲ್ಲ. ಹೋಗಬಾರದು ಎಂದು ತಡೆದವರೂ ಇಲ್ಲ. ಮುಂದಿನವರು ನುಗ್ಗಿದರು, ಹಿಂದಿನವರು ಹಿಂಬಾಲಿಸಿದರು.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳು. ಅಂದರೆ ನಿಂತ ವಾಹನಗಳ ನಡುವೆ ದಾರಿ ಮಾಡಿಕೊಂಡು ಸಾಗುವುದು ಕೆಲವು ಪುಂಡರ ಚಾಳಿಯಲ್ಲ. ಈ ನಗರ ದಿನವೂ ಕೆಲಸಕ್ಕೆ ಹೋಗುವ ರೀತಿಯೇ ಅದು. ಇಷ್ಟು ಜನ ಪ್ರತಿದಿನ ಮಾಡುವ ಒಂದು ಕೆಲಸಕ್ಕೆ ಪಾಠ, ಮಿತಿ, ನಿಯಮ ಮೂರೂ ಇಲ್ಲದಿರುವುದು ನಮ್ಮ ರಸ್ತೆಗಳ ದೊಡ್ಡ ಕೊರತೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಈ ಸಾವುಗಳೆಲ್ಲ ಸಂದಿಯಲ್ಲಿ ತೂರುವಾಗ ಆದವಲ್ಲ. ಆದರೆ ಸವಾರರ ಜೀವದ ಬಗ್ಗೆ ಮಾತನಾಡುವಾಗ ಅವರು ದಿನವೂ ಮಾಡುವ ಕೆಲಸವನ್ನೇ ಬದಿಗಿಡಲು ಬರುವುದಿಲ್ಲ.

ಹೊರದೇಶಗಳಲ್ಲಿ ಹೀಗೆ ಸಂದಿಯಲ್ಲಿ ಸಾಗುವುದಕ್ಕೆ ಲೇನ್ ಫಿಲ್ಟರಿಂಗ್ ಎನ್ನುತ್ತಾರೆ. ನಿಂತಿರುವ ಅಥವಾ ಆಮೆಗತಿಯಲ್ಲಿ ತೆವಳುವ ಎರಡು ಸಾಲುಗಳ ನಡುವೆ ಬೈಕು ನಿಧಾನವಾಗಿ ಮುಂದೆ ಸಾಗುವುದು ಅದರ ಅರ್ಥ. ಅದನ್ನು ಕ್ಷೇಮವಾಗಿ ಮಾಡಲು ಸಾಧ್ಯವೇ, ಕಾನೂನಿನ ಒಳಗೆ ತರಲು ಸಾಧ್ಯವೇ ಎಂಬ ಪ್ರಶ್ನೆಗೆ ಹಲವು ದೇಶಗಳು ಉತ್ತರ ಹುಡುಕಿಕೊಂಡಿವೆ. ಆ ಉತ್ತರಗಳ ತಿರುಳು ಒಂದೇ: ಸಂದಿ ಎಷ್ಟು ಅಗಲ ಎಂಬುದಕ್ಕಿಂತ, ಬೈಕಿಗೂ ಪಕ್ಕದ ವಾಹನಕ್ಕೂ ವೇಗದಲ್ಲಿ ಎಷ್ಟು ಅಂತರ ಎಂಬುದೇ ಮುಖ್ಯ.

ಕಾರಿನ ಹಿಂದೆ ನಿಂತರೆ ಸಾಲದೇ?

ಬೈಕಿನವರೂ ಕಾರಿನ ಹಿಂದೆ ಕಾರಿನಂತೆ ನಿಲ್ಲಲಿ ಎಂದು ಹೇಳುವುದು ಸುಲಭ. ಆದರೆ ನಿಂತ ಬೈಕು ಕಾರಿನಷ್ಟು ಕ್ಷೇಮವಲ್ಲ. ಹಿಂದಿನಿಂದ ಬಂದ ವಾಹನ ಗುದ್ದಿದರೆ ಕಾರಿನವನಿಗೆ ಬಂಪರ್, ಡಿಕ್ಕಿ, ಸೀಟು, ಬೆಲ್ಟು ಇವೆ. ಬೈಕಿನವನಿಗೆ ಅಡ್ಡವಾಗಿ ಏನೂ ಇಲ್ಲ. ಮುಂದೆ ನಿಂತ ವಾಹನಕ್ಕೂ ಹಿಂದಿನಿಂದ ಬಂದದ್ದಕ್ಕೂ ನಡುವೆ ಸಿಕ್ಕಿದ ಸವಾರನ ಕಾಲು, ಸೊಂಟ, ಎದೆ ಜಜ್ಜಿಹೋಗುತ್ತವೆ. ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿಕೊಂಡು, ಮುಂದಿನ ಬಸ್ಸಿನ ಹೊಗೆ ಕುಡಿಯುತ್ತ, ಕ್ಲಚ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಒಂದು ಗಂಟೆ ತೆವಳಿದ ಸವಾರನ ಗಮನ ಕುಗ್ಗುವುದೂ ಸುಳ್ಳಲ್ಲ.

ರಸ್ತೆಯ ಲೆಕ್ಕವೂ ಇದೆ. ಬೆಲ್ಜಿಯಂನ ಒಂದು ಸಂಶೋಧನಾ ಸಂಸ್ಥೆ 2011ರಲ್ಲಿ ಲೂವೆನ್‌ನಿಂದ ಬ್ರಸೆಲ್ಸ್‌ಗೆ ಹೋಗುವ ಹೆದ್ದಾರಿಯ ದಟ್ಟಣೆಯನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ನೋಡಿತು. ಕಾರಿನವರಲ್ಲಿ ಶೇ 10ರಷ್ಟು ಮಂದಿ ಮೋಟಾರ್ ಸೈಕಲ್ಲಿಗೆ ಬದಲಾದರೂ ಎಲ್ಲ ವಾಹನಗಳು ಕಳೆದುಕೊಳ್ಳುವ ಒಟ್ಟು ಸಮಯ ಶೇ 40ರಷ್ಟು ಇಳಿಯುತ್ತದೆ ಎಂದು ಅದು ಲೆಕ್ಕ ಹಾಕಿತು. ಬೈಕು ಕಡಿಮೆ ಜಾಗ ಹಿಡಿಯುತ್ತದೆ, ನಿಂತ ಸಾಲುಗಳ ನಡುವಿನ ಜಾಗ ಬಳಸುತ್ತದೆ ಎಂಬುದೇ ಇದರ ಕಾರಣ. ಬೆಂಗಳೂರಿನ ಅಷ್ಟೂ ಬೈಕುಗಳು ಕಾರಿನಂತೆ ಒಂದರ ಹಿಂದೆ ಒಂದು ನಿಂತರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಾಲು ಎಲ್ಲಿಗೆ ಮುಟ್ಟೀತು ಎಂದು ಯೋಚಿಸಿದರೆ ಸಾಕು. ಆದ್ದರಿಂದ ಸಂದಿಯಲ್ಲಿ ಸಾಗುವುದನ್ನು ಪೂರ್ತಿ ನಿಷೇಧಿಸುವುದು ನಮ್ಮಲ್ಲಿ ಆಗುಹೋಗುವ ಮಾತಲ್ಲ. ಹೇಗೆ ಸಾಗಬೇಕು ಎಂದು ಗೆರೆ ಎಳೆಯುವುದೇ ಉಳಿದ ದಾರಿ.

ಗೆರೆ ಎಳೆದವರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದಶಕಗಳ ಕಾಲ ಇದು ನಮ್ಮಂತೆಯೇ ಇತ್ತು. ಸರಿ ಎಂದು ಕಾನೂನು ಹೇಳಿರಲಿಲ್ಲ, ತಪ್ಪು ಎಂದೂ ಹೇಳಿರಲಿಲ್ಲ. 2013ರಲ್ಲಿ ಅಲ್ಲಿನ ಹೆದ್ದಾರಿ ಪೊಲೀಸರು ಸವಾರರಿಗೆ ಸೂಚನೆಗಳನ್ನು ಹೊರಡಿಸಿದರು. ಸುತ್ತಲಿನ ವಾಹನಗಳಿಗಿಂತ ಗಂಟೆಗೆ 10 ಮೈಲಿ, ಅಂದರೆ 16 ಕಿ.ಮೀ.ಗಿಂತ ಹೆಚ್ಚು ವೇಗ ಬೇಡ. ವಾಹನಗಳು 30 ಮೈಲಿ ಅಥವಾ ಹೆಚ್ಚಿನ ವೇಗದಲ್ಲಿ ಓಡುತ್ತಿದ್ದರೆ ನಡುವೆ ನುಗ್ಗಲೇಬೇಡಿ ಎಂಬುದು ಅದರ ಸಾರ. ಇಂಥ ಸೂಚನೆ ಹೊರಡಿಸುವ ಅಧಿಕಾರ ಪೊಲೀಸರಿಗಿದೆಯೇ ಎಂಬ ಆಕ್ಷೇಪ ಬಂದು ಮರುವರ್ಷವೇ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಕೊನೆಗೆ 2016ರಲ್ಲಿ ಶಾಸನಸಭೆಯೇ ಮಸೂದೆ ಅಂಗೀಕರಿಸಿತು. 2017ರ ಜನವರಿಯಿಂದ ಅದು ಜಾರಿಗೆ ಬಂತು. ಹೀಗೆ ಕಾನೂನಿನಲ್ಲಿ ಬರೆದುಕೊಂಡ ಅಮೆರಿಕದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ. ಆಮೇಲೆ ಯೂಟಾ (2019), ಮೊಂಟಾನಾ (2021), ಅರಿಜೋನಾ (2022), ಕೊಲರಾಡೊ (2024) ಬೇರೆ ಬೇರೆ ಮಿತಿಗಳೊಂದಿಗೆ ಅನುಮತಿ ಕೊಟ್ಟವು. ಯೂಟಾದ ನಿಯಮ ತುಂಬ ಬಿಗಿ: ಪಕ್ಕದ ವಾಹನಗಳು ಪೂರ್ತಿ ನಿಂತಿರಬೇಕು, ಬೈಕಿನ ವೇಗ 15 ಮೈಲಿ, ಅಂದರೆ 24 ಕಿ.ಮೀ. ಮೀರಬಾರದು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2013ರಲ್ಲಿ ಸಿಡ್ನಿ ನಗರದ ಮಧ್ಯಭಾಗದಲ್ಲಿ ಎರಡು ತಿಂಗಳು ಪ್ರಯೋಗ ನಡೆಸಿ, 2014ರ ಜುಲೈ 1ರಿಂದ ಕಾನೂನು ಮಾಡಿತು. ವೇಗದ ಮಿತಿ 30 ಕಿ.ಮೀ. ಕಲಿಕಾ ಪರವಾನಗಿ ಇದ್ದವರಿಗೆ ಅವಕಾಶವಿಲ್ಲ. ಫುಟ್‌ಪಾತ್ ಅಂಚಿಗೂ ವಾಹನಕ್ಕೂ ನಡುವೆ, ನಿಲ್ಲಿಸಿದ ವಾಹನಗಳ ಪಕ್ಕದಲ್ಲಿ, ಶಾಲೆಯ ವೇಳೆಯಲ್ಲಿ ಶಾಲಾ ವಲಯದಲ್ಲಿ ಹೀಗೆ ಸಾಗುವಂತಿಲ್ಲ. 30 ಕಿ.ಮೀ. ದಾಟಿ ಸಾಲುಗಳ ನಡುವೆ ಓಡಿದರೆ ಅದು ಬೇರೆಯೇ ಅಪರಾಧ. ಬ್ರಿಟನ್ನಿನ ಹೆದ್ದಾರಿ ಸಂಹಿತೆ ಇಷ್ಟು ಅಂಕಿ ಹೇಳುವುದಿಲ್ಲ. ನಿಧಾನ ದಟ್ಟಣೆಯಲ್ಲಿ ಸಾಗುವಾಗ ಎಚ್ಚರವಿರಲಿ, ವೇಗ ಕಡಿಮೆ ಇರಲಿ ಎಂದು ಸವಾರರಿಗೆ ಹೇಳಿ, ಸಾಲುಗಳ ನಡುವೆ ಬೈಕು ಬರಬಹುದು, ನೋಡಿ ತಿರುಗಿಸಿ ಎಂದು ಕಾರಿನವರಿಗೂ ಹೇಳುತ್ತದೆ.

ಫ್ರಾನ್ಸಿನ ಕಥೆಯಲ್ಲಿ ಎಲ್ಲರಿಗೂ ಪಾಠವಿದೆ. 2016ರಲ್ಲಿ ಕೆಲವು ಜಿಲ್ಲೆಗಳಲ್ಲಿ ಪ್ರಯೋಗ ಆರಂಭಿಸಿದ ಸರ್ಕಾರ ಅದನ್ನು 2021ರ ಜನವರಿ ಕೊನೆಯಲ್ಲಿ ನಿಲ್ಲಿಸಿತು. ಆ ಜಿಲ್ಲೆಗಳಲ್ಲಿ ಅಪಘಾತಗಳು ಇಳಿಯುವ ಬದಲು ಏರಿದ್ದು ಪರಿಶೀಲನೆಯಲ್ಲಿ ಕಂಡಿತ್ತು. ಆದರೆ ಸರ್ಕಾರ ಕೈಚೆಲ್ಲಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನಷ್ಟು ಜಿಲ್ಲೆಗಳಲ್ಲಿ ಎರಡನೇ ಪ್ರಯೋಗ ಶುರುಮಾಡಿತು. 2025ರ ಜನವರಿಯಿಂದ ದೇಶವಿಡೀ ಅನುಮತಿ ಸಿಕ್ಕಿತು. ಅಲ್ಲಿ ನಡುವೆ ಡಿವೈಡರ್ ಇರುವ, ಒಂದೊಂದು ದಿಕ್ಕಿಗೂ ಕನಿಷ್ಠ ಎರಡು ಲೇನುಗಳಿರುವ ದೊಡ್ಡ ರಸ್ತೆಗಳಲ್ಲಿ ಮಾತ್ರ, ತೀರ ಎಡಗಡೆಯ ಎರಡು ಲೇನುಗಳ ನಡುವೆ ಮಾತ್ರ, 50 ಕಿ.ಮೀ. ಮೀರದೆ ಸಾಗಬಹುದು. ರಸ್ತೆಯ ಬಲಕ್ಕೆ ಓಡಿಸುವ ದೇಶ ಅದು. ನಮ್ಮ ಲೆಕ್ಕದಲ್ಲಿ ಅದು ಡಿವೈಡರ್ ಪಕ್ಕದ ಎರಡು ಲೇನುಗಳ ನಡುವಿನ ಜಾಗ. ಅನುಮತಿ ಕೊಟ್ಟರಷ್ಟೇ ಸಾಲದು, ಎಲ್ಲಿ, ಎಷ್ಟು ವೇಗದಲ್ಲಿ ಎಂಬುದನ್ನು ಅಳೆದು ಕೊಡಬೇಕು ಎಂಬುದು ಫ್ರಾನ್ಸ್ ಕಲಿಸಿದ ಪಾಠ.

ಅಂಕಿಗಳ ಎರಡು ಮುಖ

ಇಂಥ ಕಾನೂನುಗಳ ಹಿಂದೆ ಹೆಚ್ಚು ಉಲ್ಲೇಖವಾಗುವುದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಯನ. 2012–13ರಲ್ಲಿ ಆ ರಾಜ್ಯದಲ್ಲಿ ಅಪಘಾತಕ್ಕೀಡಾದ 5,969 ಮೋಟಾರ್ ಸೈಕಲ್ ಸವಾರರ ಪೊಲೀಸ್ ದಾಖಲೆಗಳನ್ನು ಅದು ಪರಿಶೀಲಿಸಿತು. ಅವರಲ್ಲಿ 997 ಮಂದಿ ಅಪಘಾತದ ಹೊತ್ತಿಗೆ ಸಾಲುಗಳ ನಡುವೆ ಸಾಗುತ್ತಿದ್ದರು. ಇವರಲ್ಲಿ ತಲೆಗೆ ಪೆಟ್ಟಾದವರು ಶೇ 9, ಉಳಿದ ಸವಾರರಲ್ಲಿ ಶೇ 17. ಸತ್ತವರು ಇವರಲ್ಲಿ ಶೇ 1.2, ಉಳಿದವರಲ್ಲಿ ಶೇ 3. ಹಿಂದಿನಿಂದ ಗುದ್ದಿಸಿಕೊಂಡವರು ಇವರಲ್ಲಿ ಶೇ 2.6, ಉಳಿದವರಲ್ಲಿ ಶೇ 4.6.

ಇಷ್ಟನ್ನೇ ಓದಿ ಖುಷಿಪಡುವ ಹಾಗಿಲ್ಲ. ಅದೇ ಅಧ್ಯಯನದ ಇನ್ನೊಂದು ಸಾಲು ಹೀಗಿದೆ: ಸಾಲುಗಳ ನಡುವೆ ಸಾಗುತ್ತಿದ್ದವರಲ್ಲಿ ಶೇ 38ರಷ್ಟು ಮಂದಿ ತಾವೇ ಹೋಗಿ ಮುಂದಿನ ವಾಹನದ ಹಿಂಭಾಗಕ್ಕೆ ಗುದ್ದಿದ್ದರು. ಉಳಿದವರಲ್ಲಿ ಈ ಪ್ರಮಾಣ ಶೇ 16ರಷ್ಟು. ಹಿಂದಿನಿಂದ ಬರುವ ಅಪಾಯ ತಪ್ಪಿತು, ಮುಂದಿನ ಅಪಾಯ ಹೆಚ್ಚಿತು ಎಂದಾಯಿತು. ಈ ಎರಡರಲ್ಲಿ ಯಾವುದು ಮೇಲಾಗುತ್ತದೆ ಎಂಬುದು ವೇಗದ ಮೇಲೆ ನಿಂತಿದೆ. ಸುತ್ತಲಿನ ವಾಹನಗಳಿಗಿಂತ ಬೈಕು ಗಂಟೆಗೆ 15 ಮೈಲಿಗಿಂತ, ಅಂದರೆ 24 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಹೋದಾಗ ಗಾಯದ ಅಪಾಯ ಏರುತ್ತ ಹೋಯಿತು ಎಂದು ಸಂಶೋಧಕರು ಕಂಡುಕೊಂಡರು.

ಆ ರಾಜ್ಯದ ರಸ್ತೆ ಬೇರೆ, ನಮ್ಮದು ಬೇರೆ. ಆದರೆ ಬ್ರೇಕು ಹಿಡಿಯುವ ಲೆಕ್ಕ ಎಲ್ಲ ಕಡೆ ಒಂದೇ.

ಒಂದು ಕಾರು, ಮೂರು ಕಾರು, ಏಳು ಕಾರು

ಆ ಲೆಕ್ಕವನ್ನು ನಾವೇ ಹಾಕಿ ನೋಡಬಹುದು. ಎದುರಿಗೆ ಏನೋ ಅಡ್ಡ ಬಂತೆಂದು ಕಣ್ಣಿಗೆ ಬಿದ್ದು, ಬ್ರೇಕು ಹಿಡಿಯುವಷ್ಟರಲ್ಲಿ ಎಚ್ಚರವಾಗಿರುವ ಸವಾರನಿಗೂ ಸುಮಾರು ಒಂದು ಸೆಕೆಂಡ್ ಬೇಕು. ಒಣ ಡಾಂಬರಿನ ಮೇಲೆ ಎರಡೂ ಬ್ರೇಕು ಚೆನ್ನಾಗಿ ಹಿಡಿದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 6 ಮೀಟರ್‌ನಷ್ಟು ಇಳಿಯುತ್ತದೆ ಎಂದುಕೊಳ್ಳೋಣ. 15 ಕಿ.ಮೀ. ವೇಗದಲ್ಲಿದ್ದರೆ ಪೂರ್ತಿ ನಿಲ್ಲಲು ಐದೂವರೆ ಮೀಟರ್ ಸಾಕು. 30 ಕಿ.ಮೀ. ಇದ್ದರೆ 14 ಮೀಟರ್. 50 ಕಿ.ಮೀ. ಇದ್ದರೆ 30 ಮೀಟರ್. ಒಂದು ಸಣ್ಣ ಕಾರಿನ ಉದ್ದ ಹತ್ತಿರ ಹತ್ತಿರ 4 ಮೀಟರ್. ಹಾಗಾದರೆ 15ರಲ್ಲಿ ಒಂದೂವರೆ ಕಾರಿನುದ್ದ, 30ರಲ್ಲಿ ಮೂರೂವರೆ ಕಾರಿನುದ್ದ, 50ರಲ್ಲಿ ಏಳೂವರೆ ಕಾರಿನುದ್ದ ಬೇಕಾಗುತ್ತದೆ.

ಎರಡು ಸಾಲುಗಳ ನಡುವೆ ಸಾಗುವಾಗ ಅಪಾಯ ಮೂಡುವುದು ಎಲ್ಲಿ? ಒಂದೋ ಎರಡೋ ಕಾರಿನಾಚೆ. ಅಲ್ಲಿಯ ಕಾರೊಂದು ಪಕ್ಕದ ಸಾಲಿಗೆ ಹಾರುತ್ತದೆ, ಕ್ಯಾಬಿನ ಬಾಗಿಲು ತೆರೆಯುತ್ತದೆ, ಬಸ್ಸಿನ ಮುಂದಿನಿಂದ ಪಾದಚಾರಿ ಹೊರಬರುತ್ತಾರೆ. 15 ಕಿ.ಮೀ. ವೇಗದಲ್ಲಿದ್ದವನು ನಿಲ್ಲುತ್ತಾನೆ. 30ರಲ್ಲಿದ್ದವನು ಗುದ್ದುವ ಸಂಭವ ಹೆಚ್ಚು. 50ರಲ್ಲಿದ್ದವನು ಬ್ರೇಕಿಗೆ ಬೆರಳು ತಾಗಿಸುವ ಮೊದಲೇ ಗುದ್ದಿರುತ್ತಾನೆ. ಬೈಕು ಎಷ್ಟೇ ಬೆಲೆಯದಾಗಿರಲಿ, ಸವಾರ ಎಷ್ಟೇ ಪಳಗಿದವನಾಗಿರಲಿ ಈ ಲೆಕ್ಕ ಬದಲಾಗುವುದಿಲ್ಲ. ಪಕ್ಕದ ವಾಹನಗಳು ನಿಂತಿದ್ದರೆ 15, ತೆವಳುತ್ತಿದ್ದರೆ ಅವುಗಳಿಗಿಂತ 15 ಹೆಚ್ಚು, ಯಾವ ಕಾರಣಕ್ಕೂ 30 ಮೀರಬಾರದು ಎಂದು ಸವಾರರು ತಮಗೆ ತಾವೇ ಮಿತಿ ಹಾಕಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಎರಡು ಲೇನಿನಲ್ಲಿ ಮೂರು ಕಾರು

ನಗರದ ದೊಡ್ಡ ರಸ್ತೆಗಳಲ್ಲಿ ಒಂದು ಲೇನಿನ ಅಗಲ ಸಾಮಾನ್ಯವಾಗಿ ಮೂರೂವರೆ ಮೀಟರ್. ಕಾರಿನ ಅಗಲ ಸುಮಾರು 1.7 ಮೀಟರ್. ಎರಡು ಕಾರುಗಳು ತಂತಮ್ಮ ಲೇನಿನ ನಡುವೆ ನಿಂತರೆ ಅವುಗಳ ಮಧ್ಯೆ 1.8 ಮೀಟರ್ ಜಾಗ ಉಳಿಯುತ್ತದೆ. ಎರಡೂ ಕಡೆಯ ಕನ್ನಡಿಗಳನ್ನು ಕಳೆದರೂ ಒಂದೂಕಾಲು ಮೀಟರಿಗೆ ಮೋಸವಿಲ್ಲ. ನಮ್ಮ ಬೈಕು, ಸ್ಕೂಟರುಗಳ ಹ್ಯಾಂಡಲ್ ಅಗಲ 70ರಿಂದ 80 ಸೆಂಟಿಮೀಟರ್. ನಿಧಾನವಾಗಿ ಹೋದರೆ ಆರಾಮವಾಗಿ ಹೋಗಬಹುದು.

ಆದರೆ ಬೆಂಗಳೂರಿನಲ್ಲಿ ಏಳು ಮೀಟರ್ ರಸ್ತೆಯಲ್ಲಿ ಮೂರು ಕಾರುಗಳು ಅಕ್ಕಪಕ್ಕ ನಿಲ್ಲುತ್ತವೆ. ಮೂರು ಕಾರುಗಳಿಗೇ 5.1 ಮೀಟರ್ ಹೋಯಿತು. ಉಳಿದ 1.9 ಮೀಟರ್ ಎರಡು ಅಂಚುಗಳಿಗೂ ನಡುವಿನ ಎರಡು ಸಂದಿಗಳಿಗೂ ಹಂಚಿಹೋಗುತ್ತದೆ. ಒಂದೊಂದಕ್ಕೆ ಅರ್ಧ ಮೀಟರೂ ಸಿಗುವುದಿಲ್ಲ. ಹ್ಯಾಂಡಲ್ ಹಿಡಿಸದ ಜಾಗದಲ್ಲಿ ಬೈಕಿನವರು ಕನ್ನಡಿ ಮಡಚಿಸಿ, ಮೊಣಕಾಲು ತಾಗಿಸಿ, ಕೊನೆಗೆ ಫುಟ್‌ಪಾತ್ ಏರುತ್ತಾರೆ. ಕಾರಿನ ಬಾಗಿಲಿಗೆ ಗೀರು ಬಿತ್ತೆಂದು ನಡುರಸ್ತೆಯಲ್ಲಿ ಜಗಳವಾಗುವುದೂ ಅಲ್ಲೇ. ಲೇನ್ ಶಿಸ್ತಿಗೂ ಸಂದಿಯಲ್ಲಿ ಸಾಗುವುದಕ್ಕೂ ವಿರೋಧ ಎಂದು ನಾವು ಭಾವಿಸಿಕೊಂಡಿದ್ದೇವೆ. ನಿಜವೆಂದರೆ ಕಾರುಗಳು ಲೇನಿನಲ್ಲಿ ನಿಂತರೆ ಮಾತ್ರ ಬೈಕುಗಳಿಗೆ ಕ್ಷೇಮದ ಸಂದಿ ಸಿಗುತ್ತದೆ. ಒಂದಿಲ್ಲದೆ ಇನ್ನೊಂದು ಬರುವುದಿಲ್ಲ.

ಬಸ್ಸಿನ ಎಡ ಪಕ್ಕ

ಜೀವ ಉಳಿಸುವ ಒಂದೇ ಒಂದು ಮಾತು ಹೇಳಿ ಎಂದರೆ ನಾನು ಹೇಳುವುದು ಇದು: ಬಸ್ಸು, ಲಾರಿ, ಟಿಪ್ಪರಿನ ಎಡ ಪಕ್ಕಕ್ಕೆ ನುಗ್ಗಬೇಡಿ.

ಎಡಕ್ಕೆ ತಿರುಗುವ ಬಸ್ಸನ್ನು ಯಾವುದಾದರೂ ಇಕ್ಕಟ್ಟಿನ ಜಂಕ್ಷನ್ನಿನಲ್ಲಿ ಗಮನಿಸಿ. ತಿರುವು ತೆಗೆದುಕೊಳ್ಳಲು ಜಾಗ ಬೇಕಾದ್ದರಿಂದ ಚಾಲಕ ಮೊದಲು ಬಸ್ಸನ್ನು ಕೊಂಚ ಬಲಕ್ಕೆ ಎಳೆಯುತ್ತಾನೆ. ಆಗ ಎಡಗಡೆ ಒಮ್ಮೆಲೇ ಜಾಗ ತೆರೆದುಕೊಳ್ಳುತ್ತದೆ. ಹಿಂದೆ ಕಾಯುತ್ತಿದ್ದ ಸವಾರನಿಗೆ ಅದು ದಾರಿ ಬಿಟ್ಟ ಹಾಗೆ ಕಾಣುತ್ತದೆ. ಅವನು ಒಳಗೆ ಬರುತ್ತಾನೆ. ಅಷ್ಟರಲ್ಲಿ ಬಸ್ಸಿನ ಮೂತಿ ಎಡಕ್ಕೆ ಹೊರಳುತ್ತದೆ. ಮುಂದಿನ ಚಕ್ರ ಹೋದ ಜಾಡಿನಲ್ಲಿ ಹಿಂದಿನ ಚಕ್ರ ಬರುವುದಿಲ್ಲ. ಎರಡು ಚಕ್ರಗಳ ನಡುವೆ ಆರು ಮೀಟರಿನಷ್ಟು ಅಂತರವಿರುವ ದೊಡ್ಡ ವಾಹನದಲ್ಲಿ ಹಿಂದಿನ ಚಕ್ರ ಮುಂದಿನದಕ್ಕಿಂತ ಒಂದೂವರೆ, ಎರಡು ಮೀಟರ್ ಒಳಗೆ ಕೊಯ್ದುಕೊಂಡು ಬರುತ್ತದೆ. ಮುಂಭಾಗ ದಾಟಿತಲ್ಲ ಎಂದು ನಿರಾಳವಾದ ಸವಾರನ ಒಂದು ಪಕ್ಕ ಫುಟ್‌ಪಾತಿನ ಕಲ್ಲು, ಇನ್ನೊಂದು ಪಕ್ಕ ಹತ್ತಿರ ಹತ್ತಿರ ಬರುವ ಬಸ್ಸಿನ ತಗಡು. ಅವನಿಗೆ ಹಿಂದೆ ಹೋಗಲು ಆಗುವುದಿಲ್ಲ, ಮುಂದೆ ಹೋಗಲೂ ಆಗುವುದಿಲ್ಲ.

ಚಾಲಕನಿಗೆ ಇದು ಕಾಣುವುದೂ ಇಲ್ಲ. ಅವನ ಸೀಟು ಬಲಗಡೆ, ಎತ್ತರದಲ್ಲಿ. ಎಡಬಾಗಿಲಿನ ಕೆಳಗೆ, ಮುಂದಿನ ಬಂಪರಿನ ಎಡಮೂಲೆಯ ಹತ್ತಿರ ಇರುವ ಬೈಕು ಕನ್ನಡಿಯಲ್ಲೂ ಸಿಗದೆ ಮರೆಯಾಗಿಬಿಡುತ್ತದೆ. ಅವನ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ ಅವನಿಗೆ ನೀವು ಕಂಡಿಲ್ಲ ಎಂದೇ ತಿಳಿಯಬೇಕು. ದೊಡ್ಡ ವಾಹನ ಎಡಕ್ಕೆ ಇಂಡಿಕೇಟರ್ ಹಾಕಿರಲಿ, ಬಿಡಲಿ, ಜಂಕ್ಷನ್ ಹತ್ತಿರವಿದ್ದರೆ ಅದರ ಹಿಂದೆ ನಿಲ್ಲುವುದೇ ಜಾಣತನ. ನುಗ್ಗಿದರೆ ಉಳಿಯುವುದು ಅರ್ಧ ನಿಮಿಷ. ಕಳೆಯುವುದು ಏನೆಂದು ಹೇಳಬೇಕಾಗಿಲ್ಲ.

ಸವಾರ ನೋಡಬೇಕಾದ್ದು, ಮಾಡಬೇಕಾದ್ದು

ಕಾರೊಂದು ಅಡ್ಡ ಬರುವ ಮೊದಲು ಸೂಚನೆ ಕೊಟ್ಟೇ ಕೊಡುತ್ತದೆ. ಇಂಡಿಕೇಟರ್ ಹಾಕದವರೂ ಸ್ಟೀರಿಂಗ್ ತಿರುಗಿಸಲೇಬೇಕು. ಆದ್ದರಿಂದ ಮುಂದಿನ ಚಕ್ರ ನೋಡಿ. ಚಾಲಕನ ತಲೆ ಕನ್ನಡಿಯ ಕಡೆ ಹೊರಳಿತೇ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದ ಸಾಲಿನಲ್ಲಿ ಒಂದು ಕಾರು ಹಿಡಿಯುವಷ್ಟು ಖಾಲಿ ಜಾಗ ಕಂಡರೆ ಈ ಸಾಲಿನ ಯಾರೋ ಒಬ್ಬರು ಅಲ್ಲಿಗೆ ಹಾರುತ್ತಾರೆ ಎಂದೇ ಲೆಕ್ಕ. ಒಂದು ಸಾಲು ನಿಂತು ಇನ್ನೊಂದು ಚಲಿಸುತ್ತಿದ್ದರೆ ಅಪಾಯ ಇಮ್ಮಡಿ. ಎರಡೂ ಸಾಲುಗಳು ಒಂದೇ ರೀತಿ ನಿಂತಿರುವಾಗ ಅಥವಾ ಒಂದೇ ರೀತಿ ತೆವಳುತ್ತಿರುವಾಗ ಮಾತ್ರ ನಡುವೆ ಹೋಗಿ. ಸಿಗ್ನಲ್ ಹಸಿರಾಗಿ ವಾಹನಗಳು ಹೊರಡುತ್ತಿದ್ದಂತೆ ಒಂದು ಲೇನಿಗೆ ಸೇರಿಕೊಳ್ಳಿ. ಎಲ್ಲರೂ ವೇಗ ಹೆಚ್ಚಿಸಿಕೊಳ್ಳುವ ಆ ಕೆಲವು ಸೆಕೆಂಡುಗಳಲ್ಲಿ ನಡುವೆ ಉಳಿಯುವುದು ಬೇಡ.

ನಿಧಾನವಾಗಿ ಓಡಿಸುವುದಕ್ಕೂ ಕೌಶಲ ಬೇಕು. ಗೇರಿನ ಬೈಕಾದರೆ ಫಸ್ಟ್ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ವೇಗ ಹದ ಮಾಡಬೇಕು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ನಡೆಯುವ ವೇಗದಲ್ಲೂ ಗಾಡಿ ಮಗುಚಿಕೊಳ್ಳುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಜಾಮ್ ಆಗದಂತೆ ಅದು ನೋಡಿಕೊಳ್ಳುತ್ತದೆ ನಿಜ. ಆದರೆ ಇಲ್ಲದ ಜಾಗವನ್ನು ಅದು ಸೃಷ್ಟಿಸಲಾರದು. ಮಳೆ ಬಂದಾಗ ಲೇನ್ ಗುರುತಿಸುವ ಬಿಳಿ ಬಣ್ಣ ಜಾರುತ್ತದೆ. ಸಾಲುಗಳ ನಡುವೆ ಸಾಗುವ ಬೈಕಿನ ಚಕ್ರ ಅದೇ ಬಿಳಿ ಗೆರೆಯ ಮೇಲೆ ಇರುತ್ತದೆ ಎಂಬುದನ್ನು ಮರೆಯಬಾರದು. ವೈಟ್ ಟಾಪಿಂಗ್ ರಸ್ತೆಗಳಲ್ಲಿ ಕಾಂಕ್ರೀಟಿನ ಅಂಚು ಕೆಲವು ಕಡೆ ಪಕ್ಕದ ನೆಲಕ್ಕಿಂತ ಎತ್ತರಕ್ಕಿದೆ. ಅದರ ಉದ್ದಕ್ಕೆ ಚಕ್ರ ಇಳಿದರೆ ಬೀಳುವುದು ಖಚಿತ.

ಹಿಂಬದಿ ಸವಾರರಿದ್ದರೆ ಅವರ ಮೊಣಕಾಲು ಹ್ಯಾಂಡಲಿನಷ್ಟೇ ಹೊರಗಿರಬಹುದು. ಡೆಲಿವರಿ ಚೀಲ, ಪಕ್ಕಕ್ಕೆ ಕಟ್ಟಿದ ಸಾಮಾನು, ಗಾಳಿಗೆ ಹಾರುವ ಸೆರಗು, ದುಪಟ್ಟಾ ಇದ್ದಾಗ ಸಂದಿಗೆ ಹೋಗದಿರುವುದೇ ಸರಿ. ಮೊಬೈಲಿನಲ್ಲಿ ದಾರಿ ನೋಡುತ್ತ ನಡುವೆ ಸಾಗುವುದಂತೂ ಎಂದಿಗೂ ಕೂಡದು. ಸ್ಟಾಪ್ ಲೈನ್ ದಾಟಿ ಜೀಬ್ರಾ ಪಟ್ಟೆಯ ಮೇಲೆ ಹೋಗಿ ನಿಲ್ಲುವುದರಿಂದ ಬೈಕಿನವರಿಗೆ ಸಿಗುವುದು ಎರಡು ಸೆಕೆಂಡ್. ರಸ್ತೆ ದಾಟುವ ಅಜ್ಜಿಗೆ ಅದರಿಂದ ದಾರಿಯೇ ಇಲ್ಲವಾಗುತ್ತದೆ. ಫುಟ್‌ಪಾತ್ ಮೇಲೆ ಬೈಕು ಹತ್ತಿಸುವುದನ್ನು ಯಾವ ದೇಶದ ಯಾವ ನಿಯಮವೂ ಫಿಲ್ಟರಿಂಗ್ ಎಂದು ಒಪ್ಪಿಲ್ಲ. ಅದು ನಡೆಯುವವರ ಜಾಗದ ಮೇಲಿನ ಆಕ್ರಮಣ.

ಕಾರಿನವರ ಪಾಲು

ಬೈಕು ಮುಂದೆ ಹೋಯಿತೆಂದು ಸಿಟ್ಟಾಗಿ ಕಾರನ್ನು ಬೇಕೆಂದೇ ಬಿಳಿ ಗೆರೆಯ ಕಡೆ ಒತ್ತುವವರಿದ್ದಾರೆ. ಮುಂದೆ ಹೋದ ಬೈಕಿನಿಂದ ಕಾರಿಗೆ ಒಂದು ಕ್ಷಣವೂ ನಷ್ಟವಿಲ್ಲ. ಅದು ಕಾರಿನ ಮುಂದೆ ಸಾಲಿನಲ್ಲಿ ನಿಂತಿದ್ದರೆ ಕಾರು ಅಷ್ಟು ಹಿಂದಕ್ಕೇ ಉಳಿಯುತ್ತಿತ್ತು. ಲೇನಿನ ನಡುವೆ ಕಾರು ನಿಲ್ಲಿಸುವುದು, ಪಕ್ಕದ ಸಾಲಿಗೆ ಹೋಗುವ ಮೊದಲು ಇಂಡಿಕೇಟರ್ ಹಾಕಿ ಎರಡು ಕನ್ನಡಿ ನೋಡುವುದು, ಇಷ್ಟೇ ಕಾರಿನವರಿಂದ ಬೇಕಾದ್ದು.

ಬಾಗಿಲು ತೆರೆಯುವ ಅಭ್ಯಾಸವೊಂದನ್ನು ಮಾತ್ರ ನಾವು ಹೊಸದಾಗಿ ಕಲಿಯಬೇಕು. ದಟ್ಟಣೆಯಲ್ಲಿ ಸಿಕ್ಕಿಹಾಕಿಕೊಂಡ ಕ್ಯಾಬಿನಿಂದ ಪ್ರಯಾಣಿಕರು ಇಳಿದು ನಡೆದುಬಿಡುವುದು ನಮ್ಮಲ್ಲಿ ಸಾಮಾನ್ಯ. ಬಾಗಿಲ ಪಕ್ಕದ ಕೈಯಿಂದ ತೆರೆಯುವ ಬದಲು ಇನ್ನೊಂದು ಕೈಯಿಂದ ತೆರೆದರೆ ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಹಿಂದಿನಿಂದ ಬರುವ ಬೈಕು ಕಣ್ಣಿಗೆ ಬೀಳುತ್ತದೆ. ಬಲಗಡೆ ಕೂತ ಚಾಲಕ ಎಡಗೈಯಿಂದ, ಎಡಗಡೆ ಕೂತವರು ಬಲಗೈಯಿಂದ ಬಾಗಿಲು ತೆರೆಯಬೇಕು. ಬ್ರಿಟನ್ 2022ರಲ್ಲಿ ತನ್ನ ಹೆದ್ದಾರಿ ಸಂಹಿತೆಯಲ್ಲೇ ಇದನ್ನು ಸೇರಿಸಿತು. ಇದಕ್ಕೆ ಖರ್ಚಿಲ್ಲ, ಮನೆಯ ಮಕ್ಕಳಿಗೂ ಇವತ್ತೇ ಹೇಳಿಕೊಡಬಹುದು.

ನಮ್ಮ ಕಾನೂನು ಎಲ್ಲಿದೆ?

ರಸ್ತೆಯಲ್ಲಿ ಹೇಗೆ ಓಡಿಸಬೇಕೆಂಬುದನ್ನು ಹೇಳುವುದು 1988ರ ಮೋಟಾರು ವಾಹನ ಕಾಯ್ದೆ ಮತ್ತು ಅದರ 118ನೇ ಕಲಮಿನಡಿ ಕೇಂದ್ರ ಸರ್ಕಾರ ರೂಪಿಸಿರುವ 2017ರ ಮೋಟಾರು ವಾಹನ (ಚಾಲನಾ) ವಿನಿಯಮಗಳು. ಲೇನಿನಲ್ಲಿ ಸಾಗುವುದು, ಓವರ್‌ಟೇಕ್ ಮಾಡುವುದು, ಸ್ಟಾಪ್ ಲೈನಿನ ಹಿಂದೆ ನಿಲ್ಲುವುದು, ಫುಟ್‌ಪಾತ್ ಬಿಟ್ಟು ಓಡಿಸುವುದು ಎಲ್ಲವೂ ಅದರಲ್ಲಿವೆ. ನಿಂತ ಸಾಲುಗಳ ನಡುವೆ ಬೈಕು ಇಂಥ ವೇಗದಲ್ಲಿ, ಇಂಥ ಜಾಗದಲ್ಲಿ ಸಾಗಬಹುದು ಎಂಬ ಪ್ರತ್ಯೇಕ ಅನುಮತಿ ಅದರಲ್ಲಿಲ್ಲ. ವಿನಿಯಮ ಉಲ್ಲಂಘನೆಗೆ 177ಎ ಕಲಮಿನಲ್ಲಿ 500ರಿಂದ 1,000 ರೂಪಾಯಿ ದಂಡವಿದೆ. 2019ರ ತಿದ್ದುಪಡಿಯ ನಂತರ 184ನೇ ಕಲಮು ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡುವುದನ್ನೂ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಅದಕ್ಕೆ ಜೈಲು ಶಿಕ್ಷೆಗೂ ಅವಕಾಶವಿದೆ.

ಇದರ ಪರಿಣಾಮ ವಿಚಿತ್ರ. ಸಂದಿಯಲ್ಲಿ 10 ಕಿ.ಮೀ. ವೇಗದಲ್ಲಿ ಜೋಪಾನವಾಗಿ ಸಾಗುವವನೂ, 60ರಲ್ಲಿ ಹಾವಿನಂತೆ ಹೊರಳಾಡಿಕೊಂಡು ಹೋಗುವವನೂ ನಿಯಮದ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಪೊಲೀಸರು ಇಬ್ಬರನ್ನೂ ಬಿಡುತ್ತಾರೆ. ಅಪಘಾತವಾದಾಗ ಮಾತ್ರ ಪ್ರಶ್ನೆ ಏಳುತ್ತದೆ. ಪರಿಹಾರ ನ್ಯಾಯಮಂಡಳಿಯಲ್ಲಿ ಸವಾರನ ಪಾಲಿನ ನಿರ್ಲಕ್ಷ್ಯವೆಂದು ವಾದವಾಗಿ, ಪರಿಹಾರದ ಮೊತ್ತ ಕಡಿತವಾಗಬಹುದು. ದುಡಿಯುವ ಕೈ ಕಳೆದುಕೊಂಡ ಕುಟುಂಬಕ್ಕೆ ಆ ಹೊತ್ತಿನಲ್ಲಿ ಕಾನೂನಿನ ಮೌನ ತುಂಬ ದುಬಾರಿಯಾಗುತ್ತದೆ.

ಏನು ಆಗಬೇಕು?

ಚಾಲನಾ ವಿನಿಯಮಗಳಿಗೆ ಒಂದು ಹೊಸ ಕಲಮು ಸೇರಬೇಕು. ಎರಡೂ ಸಾಲುಗಳು ನಿಂತಿದ್ದಾಗ ಅಥವಾ ತೆವಳುತ್ತಿದ್ದಾಗ ಮಾತ್ರ, 30 ಕಿ.ಮೀ. ಮೀರದೆ, ಡಿವೈಡರ್ ಪಕ್ಕದ ಎರಡು ಲೇನುಗಳ ನಡುವೆ ಬೈಕು ಸಾಗಬಹುದು ಎಂದು ಅದು ಹೇಳಬೇಕು. ದೊಡ್ಡ ವಾಹನಗಳ ಎಡಬದಿ, ಫುಟ್‌ಪಾತ್ ಅಂಚು, ಬಸ್ ನಿಲ್ದಾಣ, ಶಾಲೆಯ ಮುಂಭಾಗ, ಕಲಿಕಾ ಪರವಾನಗಿ ಇರುವ ಹೊಸ ಸವಾರರು ಇವೆಲ್ಲಕ್ಕೂ ಸ್ಪಷ್ಟ ನಿಷೇಧ ಇರಬೇಕು. ದೇಶವಿಡೀ ಒಮ್ಮೆಲೇ ತರುವ ಮೊದಲು ಸಿಡ್ನಿಯಂತೆ, ಫ್ರಾನ್ಸಿನಂತೆ ಆಯ್ದ ಕೆಲವು ರಸ್ತೆಗಳಲ್ಲಿ ಪ್ರಯೋಗ ಮಾಡಿ, ಅಪಘಾತದ ಲೆಕ್ಕ ಇಟ್ಟು, ಜನರ ಮುಂದೆ ಇಡಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆಗಿಂತ ಅದಕ್ಕೆ ಒಳ್ಳೆಯ ಜಾಗ ಬೇರೆ ಸಿಗದು.

ರಸ್ತೆ ಕಟ್ಟುವವರೂ ಸಹಾಯ ಮಾಡಬಹುದು. ತೈವಾನಿನ ನಗರಗಳಲ್ಲಿ ಸಿಗ್ನಲ್ ಬಳಿ ಕಾರುಗಳ ಮುಂದೆ ದ್ವಿಚಕ್ರ ವಾಹನಗಳು ನಿಲ್ಲಲೆಂದೇ ಗುರುತು ಹಾಕಿದ ಚೌಕವಿದೆ. ಹಸಿರು ಬಿದ್ದಾಗ ಅವು ಮೊದಲು ಹೊರಡುತ್ತವೆ, ಕಾರುಗಳ ನಡುವೆ ಸಿಕ್ಕಿ ಒದ್ದಾಡುವುದಿಲ್ಲ. ಮಲೇಷ್ಯಾ 1970ರ ದಶಕದಲ್ಲೇ ತನ್ನ ಫೆಡರಲ್ ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ಲುಗಳಿಗೆ ಪ್ರತ್ಯೇಕ ದಾರಿ ನಿರ್ಮಿಸಿತು. ನಮ್ಮ ಸಿಗ್ನಲ್‌ಗಳಲ್ಲಿ ಜೀಬ್ರಾ ಪಟ್ಟೆಯ ಹಿಂದೆ ಅಂಥ ಒಂದು ಚೌಕ ಬರೆಯಲು ಬೇಕಾಗುವುದು ಬಣ್ಣ ಮತ್ತು ಮನಸ್ಸು.

ಆರ್‌ಟಿಒ ಕಚೇರಿಯ ಅಂಗಳದಲ್ಲಿ ಡಿಎಲ್ ಕೇಳಿ ಬಂದವರಿಂದ ಎಂಟು ಹಾಕಿಸುತ್ತೇವೆ. ಕಾಲು ಊರದೆ ನಿಧಾನವಾಗಿ ಗಾಡಿ ಹತೋಟಿಯಲ್ಲಿಟ್ಟುಕೊಳ್ಳುವ ಆ ಪರೀಕ್ಷೆ ಒಳ್ಳೆಯದೇ, ಸಂದಿಯಲ್ಲಿ ಸಾಗಲು ಬೇಕಾದ ಮೊದಲ ವಿದ್ಯೆ ಅದೇ. ಅದರ ಜೊತೆಗೆ ಬಸ್ಸಿನ ಪಕ್ಕದಲ್ಲಿ ಅಭ್ಯರ್ಥಿಯನ್ನು ನಿಲ್ಲಿಸಿ ಚಾಲಕನ ಕಣ್ಣಿಗೆ ಬೀಳದ ಜಾಗ ಯಾವುದೆಂದು ತೋರಿಸುವುದು, 15 ಮತ್ತು 30 ಕಿ.ಮೀ. ವೇಗದಲ್ಲಿ ಬ್ರೇಕು ಹಿಡಿಸಿ ಎಷ್ಟು ದೂರಕ್ಕೆ ನಿಂತಿತೆಂದು ಅಳೆದು ತೋರಿಸುವುದು ಕಷ್ಟವೇನಲ್ಲ. ನಿಮಿಷದ ಲೆಕ್ಕದಲ್ಲಿ ಊಟ, ದಿನಸಿ ತಲುಪಿಸಿ ಎಂದು ಹುಡುಗರನ್ನು ಓಡಿಸುವ ಕಂಪನಿಗಳಿಗೂ ಇಲ್ಲಿ ಹೊಣೆಯಿದೆ. ಅವರ ಆ್ಯಪಿನ ಗಡಿಯಾರ ರಸ್ತೆಯ ದಟ್ಟಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ಹುಡುಗರು ತಮ್ಮ ಪ್ರಾಣದಿಂದ ಅದನ್ನು ಸರಿದೂಗಿಸುತ್ತಾರೆ.

ಕಾನೂನು ಬರಲು ವರ್ಷಗಳಾಗಬಹುದು. ಹದಿನೈದರ ಲೆಕ್ಕ ಪಾಲಿಸಲು, ಬಸ್ಸಿನ ಎಡ ಪಕ್ಕ ಬಿಡಲು, ಫುಟ್‌ಪಾತನ್ನು ನಡೆಯುವವರಿಗೇ ಉಳಿಸಲು ಯಾರ ಆದೇಶವೂ ಬೇಕಿಲ್ಲ. ಕಾರಿನವರು ಲೇನಿನಲ್ಲಿ ನಿಲ್ಲಲು, ಬಸ್ ಚಾಲಕರು ತಿರುಗುವ ಮೊದಲು ಎಡಗನ್ನಡಿ ಇನ್ನೊಮ್ಮೆ ನೋಡಲು ಸಹ ಬೇಕಿಲ್ಲ. ಹಾಗೆಂದು ಸರ್ಕಾರ ಸುಮ್ಮನಿರುವ ಹಾಗೂ ಇಲ್ಲ. ಲಕ್ಷಾಂತರ ಸವಾರರು ದಿನವೂ ಮಾಡುವ ಕೆಲಸಕ್ಕೆ ಮಿತಿ ಯಾವುದೆಂದು ಹೇಳಿ, ಅದನ್ನು ಕಲಿಸಿ, ಮೀರಿದವರನ್ನು ಹಿಡಿಯುವುದು ಅದರ ಕರ್ತವ್ಯ. ನಿಯಮ ಸ್ಪಷ್ಟವಾದ ದಿನ, ಸಂದಿಯಲ್ಲಿ ಜೋಪಾನವಾಗಿ ಸಾಗುವ ಸವಾರ ತಲೆತಗ್ಗಿಸಬೇಕಾಗಿಲ್ಲ, ನುಗ್ಗಿ ಓಡುವವನಿಗೆ ಎಲ್ಲರೂ ಹೀಗೇ ಹೋಗುತ್ತಾರೆ ಎಂಬ ನೆಪವೂ ಉಳಿಯುವುದಿಲ್ಲ.